ಸೀಟಿನ ಎತ್ತರ

ಶಿಕುಟಿಮಿಯಲ್ಲಿ ಫೆಬ್ರವರಿ.
ನದಿ ಕಲ್ಲಾಗಿದೆ, ಅದರ ಮೇಲೆ ಮೀನು ಹಿಡಿಯುವವರ
ಕೆಂಪು ನೀಲಿ ಗುಡಿಸಲುಗಳು, ಹೊಗೆ.
ನೆಲಮಾಳಿಗೆಯ ನಮ್ಮ ಪ್ರಯೋಗಶಾಲೆಯಲ್ಲಿ
ಹನ್ನೊಂದು ಸೈಕಲ್ಲು, ಎಲ್ಲಿಗೂ ಹೋಗದವು.

ನನ್ನ ಕೆಲಸ ಮುಖವಾಡ ತೊಳೆಯುವುದು,
ಎದೆಗೆ ತಂತಿ ಅಂಟಿಸುವುದು,
ಬಂದವರ ಉಸಿರನ್ನು ಲೀಟರಿನಲ್ಲಿ ಬರೆದುಕೊಳ್ಳುವುದು.
ಇಪ್ಪತ್ತು ವಾರ, ವಾರಕ್ಕೆ ಮೂರು ಸಲ,
ಅವರವರ ಗುಂಡಿಗೆಯ ಮುಕ್ಕಾಲು ಪಾಲು ಓಟ:
ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ,
ಪಂಕ್ತಿಯಲ್ಲಿ ಬಡಿಸಿದ ಹಾಗೆ.

ರೇಜಾನ್ ಗೊಡ್ರೋ, ಹಿಮ ಬಾಚುವ ಲಾರಿಯ ಚಾಲಕ.
ರಾತ್ರಿಯಿಡೀ ಊರಿನ ಬೀದಿ ಬಿಡಿಸಿ
ಬೆಳಗಿನ ಏಳಕ್ಕೆ ಬರುತ್ತಿದ್ದ, ಹುಬ್ಬಿನಲ್ಲಿ ರಸ್ತೆಯ ಉಪ್ಪು.
ಒಂದು ದಿನವೂ ತಪ್ಪಿಸಲಿಲ್ಲ.
ಬಿರುಗಾಳಿಯ ಆ ಗುರುವಾರ ತಡವಾಗಿ ಹೋದದ್ದು ನಾನೇ;
ಬಾಗಿಲ ಮುಂದಿನದನ್ನೆಲ್ಲ ಬಾಚಿ
ನನಗೂ ಸೇರಿಸಿ ದಾರಿ ಮಾಡಿ ನಿಂತಿದ್ದ.

ಅವನ ತಂಗಿ ಒಡೀಲ್, ಬೇಕರಿಯವಳು.
ಪೆಡಲಿನ ಮೇಲೆ ಅರ್ಧ ಮನಸ್ಸು, ಬಾಯಲ್ಲಿ ಇಡೀ ಊರು.
ಮುಖವಾಡ ಬಿಗಿಯುವಾಗಲೂ
ಒಂದು ಮಾತು ಉಳಿದೇ ಇರುತ್ತಿತ್ತು,
ಒಳಗಡೆ ಮಂಜು ಹಿಡಿಯುತ್ತಿತ್ತು.

ಕೊನೆಯ ವಾರ ಅಂಕಿ ಬಂತು.
ಒಡೀಲಳ ಉಸಿರು ಮೂರರಲ್ಲೊಂದು ಪಾಲು ಬೆಳೆದಿದೆ,
ಬೆಚ್ಚಗಿಟ್ಟ ಹಿಟ್ಟಿನ ಹಾಗೆ, ಕೇಳದೆಯೇ.
ರೇಜಾನನದು ಇದ್ದಲ್ಲೇ ಇದೆ.
ಯಂತ್ರ ಕೆಟ್ಟಿದೆಯೆಂದುಕೊಂಡೆ.
ಇನ್ನೊಮ್ಮೆ ಅಳೆದೆ. ಬೇರೆ ಯಂತ್ರದಲ್ಲಿ ಅಳೆದೆ.
ಇದ್ದಲ್ಲೇ.

ಒಂದೇ ತಾಯಿ, ಒಂದೇ ಪಾತ್ರೆಯ ಬಟಾಣಿ ಸಾರು,
ಒಂದೇ ಕಂಬಳಿಯ ಎರಡು ತುದಿ.
ಐದು ಬೆರಳೂ ಸಮವಿಲ್ಲ ಅಂತ ಎಲ್ಲರೂ ಅನ್ನುತ್ತಾರೆ;
ಆ ಐದಕ್ಕೂ ಒಂದೇ ಅಳತೆಯ ಉಂಗುರ ಮಾಡಿಸಿ
ಜಾರಿ ಬಿದ್ದಾಗ ಬೆರಳನ್ನು ಬೈಯುವುದು
ಯಾವ ನ್ಯಾಯವೋ.

ಡಾಕ್ಟರ್ ಮಾರ್ಗ್ರೀತ್ ಹೇಳಿದರು:
ಅರ್ಧ, ರಕ್ತದಲ್ಲೇ ಬರೆದದ್ದು.
ಉಳಿದರ್ಧ? ನಿದ್ದೆ ಇರಬಹುದು, ವಯಸ್ಸು, ಊಟ,
ಮೊದಲೇ ಎಷ್ಟಿತ್ತೋ ಅದು,
ನಮ್ಮ ಅಳತೆಯ ತಪ್ಪೂ ಇರಬಹುದು...
ಪಟ್ಟಿ ಉದ್ದವಾದಷ್ಟೂ ದನಿ ಸಣ್ಣಗಾಯಿತು.

ವರದಿಯಲ್ಲಿ ಇಂಥವರಿಗೊಂದು ಹೆಸರಿದೆ: ಸ್ಪಂದಿಸದವರು.
ಆ ಪದ ಟೈಪು ಮಾಡುವಾಗ
ಬಾಗಿಲಲ್ಲಿ ಸಲಿಕೆ ಹಿಡಿದು ನಿಂತವನು
ಬೆರಳಿಗೆ ಅಡ್ಡ ಬಂದ.

ಹಾಳೆ ಕೊಟ್ಟೆ. ಕನ್ನಡಕ ಹುಡುಕಿ ಓದಿದ.
ಕೆಲವು ಬೀದಿ ಹಾಗೇ, ಅಂದ,
ಹತ್ತು ಸಲ ಬಾಚಿದರೂ ಗಾಳಿ ತಂದು ತುಂಬುತ್ತದೆ.
ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು:
ಒಡೀಲಳಿಗೆ ಎಷ್ಟು ಬಂತು?
ಹೇಳುವಂತಿಲ್ಲ. ಹೇಳಲಿಲ್ಲ.
ಅವಳೇ ಹೇಳಿರುತ್ತಾಳೆ ಅಂದುಕೊಂಡೆ,
ಆ ಬಾಯಲ್ಲಿ ಏನು ತಾನೇ ನಿಂತೀತು?
ಎರಡು ತಿಂಗಳಾದ ಮೇಲೆ ಗೊತ್ತಾಯಿತು,
ಹೇಳಿರಲಿಲ್ಲ.

ಸಂಜೆ ಸೈಕಲ್ಲುಗಳನ್ನು ಒರೆಸಿದೆ.
ಸೀಟಿನ ಕಂಬಕ್ಕೆ ಅಂಟಿಸಿದ ಬಿಳಿ ಪಟ್ಟಿಗಳು:
ಒಡೀಲ್ ಏಳು, ಪಾದ್ರಿ ಹನ್ನೆರಡು,
ರೇಜಾನ್ ಒಂಬತ್ತೂವರೆ.
ಮೊದಲ ದಿನ ಎಲ್ಲಕ್ಕೂ ಮುಂಚೆ ಮಾಡಿದ್ದು ಅದನ್ನೇ,
ಕಾಲು ನೋಡಿ ಸೀಟು ಏರಿಸಿದ್ದು, ಇಳಿಸಿದ್ದು.
ಆಗ ಯಾರಿಗೂ ಅದೊಂದು ಸೋಜಿಗ ಅನ್ನಿಸಿರಲಿಲ್ಲ.

ಸೋಮವಾರ ಹೊಸ ತಂಡ.
ಪಟ್ಟಿಗಳನ್ನೆಲ್ಲ ಕಿತ್ತೆ.
ಒಂಬತ್ತೂವರೆಯದು ಕೊಂಚ ಗಟ್ಟಿಯಾಗಿ ಅಂಟಿತ್ತು.
ಅರ್ಧ ಬಂತು,
ಅರ್ಧ ಬಿಟ್ಟೆ.