ಒಂಬತ್ತನೆಯ ಖಾನೆ

ಬದುಕನ್ನು ಹನ್ನೆರಡು ಪಾಲು ಮಾಡಿ ಕೊಟ್ಟಿದ್ದರು ತರಗತಿಯಲ್ಲಿ.
ಉಸಿರು, ಊಟ, ಮೈಶಾಖ, ಮಾತು,
ಉಚ್ಚೆ ಎನ್ನದೆ ‘ವಿಸರ್ಜನೆ’ ಎಂದು ಬರೆಯುವ ಸೌಜನ್ಯ,
ಕೊನೆಯದು ಸಾವು. ಅದೂ ಬದುಕಿನದೇ ಒಂದು ಕೆಲಸವಂತೆ,
ಅದಕ್ಕೂ ಅಷ್ಟೇ ಅಗಲದ ಖಾನೆ.
ಪ್ರತಿಯೊಂದರ ಕೆಳಗೂ ಒಂದು ಗೆರೆ:
ಆ ತುದಿ ಪರಾಧೀನ, ಈ ತುದಿ ಸ್ವತಂತ್ರ.
ನಡುವೆ ಎಲ್ಲೋ ಒಂದು ಬಾಣ ಹಾಕಬೇಕು, ಪೆನ್ಸಿಲಿನಲ್ಲೇ,
ಮನುಷ್ಯರು ಸರಿಯುತ್ತಾರೆ.

ಪರ್ತ್‌ನಿಂದ ಬಸ್ಸು, ಆಮೇಲೆ ಹಡಗು, ದಾರಿಯುದ್ದಕ್ಕೂ ವಾಂತಿ.
ಸ್ಟಾರ್ನೋವೇ ಆಸ್ಪತ್ರೆಗೆ ಬಂದಾಗ
ನನ್ನ ಚೀಲದಲ್ಲಿ ಅಂಥ ನಲವತ್ತು ಹಾಳೆ.
ಮೊದಲನೆಯದು ಮರ್ಡೀನಾ ಮೆಕಾಸ್ಕಿಲ್, ಎಂಬತ್ತೇಳು,
ಬಲಗಡೆ ಪೂರ್ತಿ ಲಕ್ವ.
ಇಂಗ್ಲಿಷು ರಾತ್ರೋರಾತ್ರಿ ಅವಳನ್ನು ಬಿಟ್ಟುಹೋಗಿತ್ತು;
ಚೂರುಪಾರು ಗೇಲಿಕ್ ಉಳಿದಿತ್ತು, ನನಗೆ ಬಾರದ್ದು.
ಮಾತಿನ ಖಾನೆಯಲ್ಲಿ ‘ಅಡಚಣೆ ಇದೆ’ ಎಂದು ಬರೆದೆ.
ಯಾರದೆಂದು ಬರೆಯಲಿಲ್ಲ.

ಊಟ: ಅರ್ಧ ಬಟ್ಟಲು ಓಟ್ಸ್ ಗಂಜಿ, ತಿನ್ನಿಸಬೇಕು.
ನಿದ್ದೆ: ಕೆಟ್ಟಿದೆ. ಎರಡು ಗಂಟೆಯಿಂದ ಎಡಗಾಲು
ಹೊದಿಕೆಯನ್ನು ಒದೆಯುತ್ತಲೇ ಇರುತ್ತದೆ.
ಒಂಬತ್ತನೆಯದು, ದುಡಿಮೆ ಮತ್ತು ಆಟ:
ಅನ್ವಯಿಸುವುದಿಲ್ಲ.
ಅದನ್ನು ಪೆನ್ನಿನಲ್ಲಿ ಬರೆದಿದ್ದೆ.

ಮೂರನೆಯ ರಾತ್ರಿ, ನಿದ್ದೆ ಮಾತ್ರೆ ಕೇಳಲು ಹೋದರೆ
ಸಿಸ್ಟರ್ ಬೆಲ್ಲಾನ್ ಮಾತಿಲ್ಲದೆ ಎದ್ದು ಬಂದಳು,
ಹೊದಿಕೆಯ ಮೇಲಿಂದಲೇ ಆ ಪಾದದ ಮೇಲೆ ಕೈಯಿಟ್ಟಳು
ಎಳೆಗರುವಿನ ಬೆನ್ನ ಮೇಲಿಟ್ಟ ಹಾಗೆ.
ಏನೋ ಕೇಳಿದಳು, ಅವರ ಮಾತಿನಲ್ಲಿ.
ಕಾಲು ನಿಲ್ಲಲಿಲ್ಲ,
ಬಾಯಿಯ ನೆಟ್ಟಗಿದ್ದ ಅರ್ಧ ನಕ್ಕಿತು.

“ಮಗ್ಗದ ಮೆಟ್ಟು,” ಎಂದಳು ನನ್ನ ಕಡೆ ತಿರುಗಿ. “ಟ್ವೀಡ್ ನೇಯುತ್ತಿದ್ದಾಳೆ.
ನಲವತ್ತೊಂದು ವರ್ಷ, ಮನೆ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ.
ಇಪ್ಪತ್ತು ಗಜ ಬಾಕಿಯಂತೆ. ಸೋಮವಾರ ಗಿರಣಿಯ ವ್ಯಾನು.
ಶನಿವಾರ ಮುಗಿಯದಿದ್ದರೆ ಕೆಟ್ಟಿತು,
ಭಾನುವಾರ ಲಾಳಿ ಮುಟ್ಟುವ ಹಾಗಿಲ್ಲ.”

ಆಮೇಲೆ ನನ್ನ ಹಾಳೆ ಎತ್ತಿಕೊಂಡಳು. ಬೈಯುತ್ತಾಳೆಂದುಕೊಂಡೆ,
ಹಳಬರು ಈ ಮಾದರಿಗಳನ್ನೇ ಬೈಯುತ್ತಾರಲ್ಲ,
ಕಾಲೇಜಿನವರ ಚೌಕಾಬಾರ ಅಂತ.
ಅವಳು ಅಂದದ್ದಿಷ್ಟು: “ಖಾನೆ ಇತ್ತಲ್ಲ ಮಗು.
ಅದಿಲ್ಲದಿದ್ದರೆ, ನೀನು ಕೇಳದೆ ಬಿಟ್ಟದ್ದು
ಯಾರಿಗೂ ಕಾಣುತ್ತಲೇ ಇರಲಿಲ್ಲ.”

ಮಾತ್ರೆ ಬರೆಸಲಿಲ್ಲ.
ಬೆಳಿಗ್ಗೆ ಕಾಲಿಗೊಂದು ಹಲಗೆ ಕೊಟ್ಟೆವು ಒತ್ತಲಿಕ್ಕೆ.
ಬೆಲ್ಲಾನಳ ಅಣ್ಣ ಎಣ್ಣೆವಾಸನೆಯ ನೂಲಿನುಂಡೆ ತಂದ,
ಪಾಚಿಬಣ್ಣದ್ದು, ಒರಟು.
ಅದನ್ನು ಎಡಗೈಯಲ್ಲಿ ಹಿಡಿದು ಮೂಸಿ ಮೂಸಿ
ಮರ್ಡೀನಾ ಬಟ್ಟಲು ಪೂರ್ತಿ ಗಂಜಿ ಉಂಡಳು.
ಅದು ಯಾವ ಖಾನೆಗೆ ಸೇರಿತೋ.

‘ಅನ್ವಯಿಸುವುದಿಲ್ಲ’ವನ್ನು ಉಜ್ಜಿದೆ.
ಶಾಯಿ ಬಿಡಲಿಲ್ಲ, ಕಾಗದ ಸವೆದು ತೂತಾಯಿತು;
ತೂತಿನಲ್ಲಿ ಕೆಳಗಿನ ಹಾಳೆಯ ಬಿಳುಪು,
ಇನ್ನೂ ಯಾರ ಹೆಸರೂ ಇಲ್ಲದ್ದು.
ಅದರ ಸುತ್ತ ಸಣ್ಣಗೆ ಬರೆದೆ:
ನೇಯುತ್ತಿದ್ದಾರೆ. ಇಪ್ಪತ್ತು ಗಜ ಬಾಕಿ.
ಬಾಣ ಎಲ್ಲಿ ಹಾಕಲೆಂದು ತಿಳಿಯದೆ
ಗೆರೆಯನ್ನು ಹಾಗೇ ಬಿಟ್ಟೆ.