ಮೂರು ಮಾರು

ಕೆಂಪೋ ನೀಲಿಯೋ ಎಂದು ಕೇಳಿದರೆ
ನನ್ನ ಅಣ್ಣ ಲುಗೆಂಬೆ
ನೂಲು ಎಷ್ಟು ಇಳಿದಿತ್ತೆಂದು ಹೇಳುತ್ತಾನೆ.
‘ಅರ್ಧ ಮಾರು.’ ಹಾಗಾದರೆ ನೀಲಿ.
‘ಮೂರು ಮಾರು.’ ಹಾಗಾದರೆ ಕೆಂಪು.
ದೋಣಿಯ ಅಂಚಲ್ಲಿ ಕೂತು ಬರೆದುಕೊಳ್ಳುತ್ತೇನೆ,
ಪೆನ್ಸಿಲು, ಒದ್ದೆಯಾದರೂ ಹರಿಯದ ಕಾಗದ.
ಇಷ್ಟು ವರ್ಷದಲ್ಲಿ ಅವನು ತಪ್ಪಿದ್ದು ಕಡಿಮೆ.

ಅವನಿಗೆ ಕೆಂಪು ಕಪ್ಪಾಗಿಯೇ ಕಾಣುತ್ತದೆ,
ಹುಟ್ಟಿದಾಗಿನಿಂದ. ಅಮ್ಮನ ಅಪ್ಪನಿಗೂ ಹೀಗೇ:
ತೆರಕ್ಕೆ ಕೆಂದ ಹಸುವೇ ಬೇಕೆಂದು ಬೀಗರು ಹಟ ಹಿಡಿದದ್ದಕ್ಕೆ
ಕಾಡಿಗೆಯಂಥ ಕರಿಹಸು ಹೊಡೆದುಕೊಂಡು ಹೋಗಿ
ಅಂಗಳದಲ್ಲಿ ನಿಂತು, ‘ಇಗೋ, ಕೆಂದ’ ಅಂದನಂತೆ.
ಆ ಊರಲ್ಲಿ ನಗು ಇನ್ನೂ ನಿಂತಿಲ್ಲ.

ಮ್ವಾಂಜಾದ ಈ ಕೊಲ್ಲಿಯಲ್ಲಿ ಇವಕ್ಕೆಲ್ಲ ಒಂದೇ ಹೆಸರು, ಫುರು.
ಬೆರಳುದ್ದ, ಮುಳ್ಳು ಜಾಸ್ತಿ, ಬೇಗ ಕೆಡುತ್ತದೆ.
ಲ್ಯಾಬಿನ ಗೋಡೆಯ ಮೇಲೆ ನೂರಾರು ಹೆಸರು:
ಬಸವನಹುಳು ಒಡೆಯುವವ, ಪಾಚಿ ಕೆರೆಯುವವ,
ಬೇರೊಬ್ಬಳ ಬಾಯಿಂದ ಮರಿ ಕಕ್ಕಿಸಿ ತಿನ್ನುವವ.
ಎಲ್ಲರ ಗಂಟಲಲ್ಲೂ ಇನ್ನೊಂದು ದವಡೆ;
ಅಗಿಯುವ ಕೆಲಸ ಅದಕ್ಕೆ ಬಿಟ್ಟು
ಮುಂದಿನ ಬಾಯಿ ಬೇಕಾದ ಆಕಾರ ತಳೆಯುತ್ತದೆ.
ಸಂಗಾರಾ ಬಂದು ನುಂಗಿದವು ಗೋಡೆಯ ಮೇಲಿಲ್ಲ.
ಅಮ್ಮ ಕಣ್ಣು ಮುಚ್ಚಿ ರುಚಿಯಿಂದಲೇ ಹೇಳುತ್ತಿದ್ದ ಎರಡು ಬಗೆ
ಅಲ್ಲೂ ಇಲ್ಲ, ಸಾರಿನಲ್ಲೂ ಇಲ್ಲ.

ಹದಿನೈದು ಸಾವಿರ ವರ್ಷದ ಹಿಂದೆ ಇಲ್ಲಿ ಹುಲ್ಲಿತ್ತು.
ನೀರು ಮರಳಿದಾಗ ಜೊತೆಗೆ ಈಜಿ ಬಂದವು
ದೂರದೂರದ ಹೊಳೆಗಳ ರಕ್ತ ಕಲೆತ ಬೆರಕೆ ಮೀನು.
‘ಇಷ್ಟರಲ್ಲೇ ನೂರಾರು ಬಗೆ ಹೇಗಾದವು?’
ಲ್ಯಾಬು ನೋಡಲು ಬಂದ ಶಾಲೆಯ ಹುಡುಗಿ ಕೇಳಿದಳು.
ಮಿಟುಂಬಾ ಸಂತೆ ನೋಡಿದ್ದೀಯಲ್ಲ, ಅಂದೆ:
ಯಾರೋ ಎಲ್ಲೋ ತೊಟ್ಟು ಬಿಟ್ಟ ಬಟ್ಟೆಯ ಗಂಟು,
ಹೊಸದಾಗಿ ನೇಯ್ದದ್ದು ತೀರಾ ಕಡಿಮೆ,
ಆದರೂ ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತರೆ
ಒಬ್ಬರಂತೆ ಇನ್ನೊಬ್ಬರು ಕಾಣುತ್ತಾರೆಯೇ?
ಅವಳು ತನ್ನ ಅಂಗಿಯ ತೋಳು ನೋಡಿಕೊಂಡಳು.

ಕಣ್ಣಿನದೊಂದು ಜೀನ್.
ಅದರ ನಾಲ್ಕಾರು ಅಕ್ಷರದ ಕಾಗುಣಿತ ಬದಲಾದರೆ
ಕೆಳಗಿನ ಕಂದು ಬೆಳಕಲ್ಲಿ ಕೆಂಪು ಹೊತ್ತಿಕೊಳ್ಳುತ್ತದೆ.
ಆಳದವಳಿಗೆ ಕೆಂಪು ಗಂಡು, ಮೇಲಿನವಳಿಗೆ ನೀಲಿ;
ಬಂಡೆ ಒಂದೇ, ಬೀಗತನವಿಲ್ಲ.
ಆರಿಸಿಕೊಂಡವಳು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು
ವಾರಗಟ್ಟಲೆ ತುತ್ತಿಲ್ಲದೆ ಇರುತ್ತಾಳೆ.
ಯಾಕೆ ಅವನೇ ಎಂದು ಕೇಳುವ ಹಾಗಿಲ್ಲ.

ಊರ ಕಡೆಯ ದಂಡೆಗೆ ಬಂದರೆ ನೀರು ಗಂಜಿ:
ಚರಂಡಿ, ಹೊಲದ ಗೊಬ್ಬರ, ಹಸಿರು ಕೆನೆ.
ಅಲ್ಲಿ ಮಾರಿನ ಲೆಕ್ಕ ಕೈಕೊಡುತ್ತದೆ.
ಕೊಕ್ಕೆಗೆ ಬಂದದ್ದು ಕೆಂಪಲ್ಲ, ನೀಲಿಯಲ್ಲ,
ತೊಳೆದು ತೊಳೆದು ಮಾಸಿದ ಕಾಂಗಾದ ಬಣ್ಣ.
ನಾನು ಪ್ರಶ್ನೆಯ ಗುರುತು ಹಾಕುತ್ತೇನೆ.
‘ಇಲ್ಲಿ ಎಲ್ಲರೂ ನನ್ನ ಹಾಗೇ’ ಅನ್ನುತ್ತಾನೆ ಲುಗೆಂಬೆ,
ಮೀನನ್ನು ಎಂದಿಗಿಂತ ಮೆತ್ತಗೆ ನೀರಿಗೆ ಬಿಡುತ್ತಾನೆ.

ರೆಕ್ಕೆಯ ಚೂರು ಸ್ಪಿರಿಟ್ಟಿನ ಸೀಸೆಯಲ್ಲಿ.
ಅದೇ ಜೀನ್ ನಮ್ಮಲ್ಲೂ ಇದೆ; ಮೀನಿಗೂ ನಮಗೂ
ಯಾವುದೋ ಕಾಲದ ಒಬ್ಬಳೇ ಅಜ್ಜಿ ಕೊಟ್ಟದ್ದು.
ಅಜ್ಜನದು ಅಮ್ಮನ ಮೂಲಕ ಅಣ್ಣನಿಗೆ ಬಂತು.
ನನಗೂ ಬಂದಿದೆಯೋ, ನಾಣ್ಯ ಚಿಮ್ಮಿದ ಹಾಗೆ.
ಯಂತ್ರ ಪಕ್ಕದಲ್ಲೇ ಇದೆ, ಒಂದು ಹನಿ ಉಗುಳು ಸಾಕು.
ಹನ್ನೊಂದು ವರ್ಷದಿಂದ ಪಕ್ಕದಲ್ಲೇ ಇದೆ.

ಸಂಜೆ ಮಗ ಮಬುಲಾ ಹೊಸ್ತಿಲ ಮೇಲೆ
ಸೋಡಾ ಬಾಟಲಿಯ ಮುಚ್ಚಳ ಜೋಡಿಸುತ್ತಾನೆ.
ಮೂರು ವರ್ಷ. ಕರಿಯವುಗಳ ಸಾಲಿನಲ್ಲಿ ಎರಡು ಕೆಂಪು.
ಸುಮ್ಮನೆ ಇಟ್ಟನೋ, ಆರಿಸಿ ಇಟ್ಟನೋ.
ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಲುಗೆಂಬೆ
‘ಸಾಲು ಸರಿಯಾಗಿದೆ’ ಅನ್ನುತ್ತಾನೆ.
ನಾನು ಬಾಯಿ ತೆರೆಯುವುದಿಲ್ಲ.