ಟಣ್, ಡಬ್

ಮೌನೇಶನ ಮೂಲಿಯೊಳಗ ನೀರಿನ ಬಾಟ್ಲಿ ಹಿಡಕೊಂಡು
ಹದಿನೇಳು ವರ್ಷ ನಿಂತಾವ ನಾನು.
ಹಟ್ಟಿ ಕ್ಯಾಂಪಿನ ಹಳೇ ಸ್ಟೋರ್ ಶೆಡ್ಡು,
ನಾಕು ಗೂಟ, ಲಾರಿಗೆ ಬ್ಯಾಡಾದ ಹಗ್ಗ, ಕೆಳಗ ಗೋಣಿತಟ್ಟು.
ಅದ ನಮ್ಮ ರಿಂಗು.

ಆವಾಗ ಅವನು ಮದ್ದು.
ಗಂಟಿ ಬಿತ್ತೋ ಇಲ್ಲೋ, ಸಿಡಿದ.
ಎದುರಿನವನ ಹೆಸರು ಕೇಳಲಿಕ್ಕೂ ಪುರುಸೊತ್ತಿಲ್ಲ.
ಶಕ್ತಿನಗರದ ಹುಡುಗೊಬ್ಬ ಕೂತಲ್ಲೇ ಕೂತು
ತನ್ನ ಬೂಟು ಹುಡುಕಿದ್ದ,
ಕಾಲಾಗೇ ಇತ್ತು.

ಈಗ ಮೂವತ್ತೊಂಬತ್ತು.
ಬಲಮೊಣಕಾಲು ಮೆಟ್ಟಿಲು ಕಂಡರ ಮಾತಾಡ್ತದ.
ಎಡಹುಬ್ಬು ಹರಿದು ಹೊಲಿದು ಹರಿದು,
"ಜಿಪ್ಪು ಹಾಕಿಸಿಬಿಡ್ರಿ" ಅಂತಾಳ ಆಸ್ಪತ್ರಿ ನರ್ಸಮ್ಮ.
ಹ್ವಾದ ವರ್ಷ ಸಿಂಧನೂರಾಗ
ಹತ್ತೊಂಬತ್ತರ ಪೋರನ ಬೆನ್ನು ಹತ್ತಿ
ಮೂರು ಸುತ್ತೂ ಗಾಳಿಗೆ ಗುದ್ದಿ ಬಂದ.
ಲಿಂಗಸುಗೂರು ದಾಟೋತನಕ ಬಸ್ಸಿನಾಗ ಮಾತಿಲ್ಲ.
ಆಮ್ಯಾಗ: "ಪಾಷಾ, ನಾ ಇನ್ನ ಓಡಬಾರದು."
"ಬಿಡ್ತೀಯೇನು?"
"ಬಿಡ್ತೀನಿ ಅಂದ್ನೇನು? ಓಡಬಾರದು ಅಂದೆ."

ನೆಲದ ಕೆಳಗ ಅವನ ಕೆಲಸ ಏನು, ಹೇಳ್ತೀನಿ ಕೇಳು.
ಬ್ಲಾಸ್ಟಿಂಗ್ ಮುಗಿದು, ಹೊಗಿ ಇಳಿದ ಮ್ಯಾಲ
ಎಲ್ಲಾರಿಗಿಂತ ಮೊದಲು ಹೋಗಿ
ಉದ್ದನ್ನ ಸಲಾಕಿಲೆ
ತಲಿ ಮ್ಯಾಲಿನ ಬಂಡಿಗೆ ಮೆಲ್ಲಕ ತಟ್ಟೋದು.
ಟಣ್ ಅಂದರ ಗಟ್ಟಿ.
ಡಬ್ ಅಂದರ ಟೊಳ್ಳು. ಸರಿದು ನಿಂತು ಮೀಟು,
ಉಳಿದದ್ದು ಅದರ ಭಾರಾನೇ ನೋಡಿಕೊಳ್ತದ.
ಹದಿನೆಂಟು ವರ್ಷ ಆ ಕೈ ಇದನ್ನ ಮಾಡೇ ಮಾಡ್ಯದ,
ಮ್ಯಾಲ ಬಂದು ದೀಪ ಒಪ್ಪಿಸಿದ ಕೂಡ್ಲೆ ಮರತದ.

ಮೊನ್ನೆ ರಾಯಚೂರಾಗ ಮರೀಲಿಲ್ಲ.
ಎಡಗೈ ಹೊಡೀಲಿಲ್ಲ, ಬರೇ ತಟ್ಟಿತು.
ಭುಜಕ್ಕ, ಗ್ಲೌಸಿಗೆ, ಹಣಿಗೆ,
ತಟ್ಟಿ ತಟ್ಟಿ ಕಿವಿಗೊಟ್ಟ.
"ಏ ಮುತ್ಯಾ, ಬಾಗಲಾ ಬಡೀಲಿಕ್ಕ ಬಂದೀಯೇನು?"
ಹಿಂದಿನ ಸಾಲಿನವರು ನಕ್ಕರು. ನಾನೂ ಅರ್ಧ ನಕ್ಕೆ.
ಎರಡನೇ ಸುತ್ತಿಗೆ ಮೂಗು ಒಡೀತು, ನಮ್ಮವಂದೇ.
ಸ್ಟೂಲಿನ ಮ್ಯಾಲ ಕೂತು ರಕ್ತ ಉಗುಳಿ ಅಂದ:
"ಬಲಗೈ ಎತ್ತೋಕಿಂತ ಮೊದಲು ಉಸುರು ಹಿಡೀತಾನ.
ಅಲ್ಲಿ ಡಬ್ ಅಂತದ."

ಮೂರನೇದರಾಗ ಹುಡುಗ ಉಸುರು ಹಿಡಿದ.
ಮೌನೇಶ ಅರ್ಧ ಹೆಜ್ಜಿ, ಬರೇ ಅರ್ಧ, ಸರಿದ.
ಪಕ್ಕೆಲುಬಿನ ಕೆಳಗ ಒಂದು ಗುದ್ದು.
ದೊಡ್ಡದೇನಲ್ಲ. ಮೀಟಿದಂಗ.

ಪಾಯಿಂಟಿನ ಮ್ಯಾಲ ಗೆದ್ದ, ಅದೂ ಒಂದೇ.
ಚಪ್ಪಾಳಿ ಹೊಡೆದವರನ್ನ ಬೆರಳಿನಾಗ ಎಣಿಸಬಹುದು.
"ಮೊದಲಿನ ಆಟಾನೇ ಚಂದಿತ್ತು" ಅಂದ ಟೀ ಮಾರಾವ.
ಇವನು ಹೌದಂತ ತಲಿ ಆಡಿಸಿದ.

ವಾಪಸು ಬಸ್ಸಿನಾಗ, ದೀಪ ಆರಿಸಿದ ಮ್ಯಾಲ,
ಬೆರಳು ಮಡಚಿ ತನ್ನ ಮೊಣಕಾಲಿಗೆ
ತಾನೇ ತಟ್ಟಿ ನೋಡ್ತಿದ್ದ.
ಟಣ್ಣೋ, ಡಬ್ಬೋ,
ಗೇರು ಬದಲಿಸೋ ಸಪ್ಪಳಕ್ಕ ನನಗ ಕೇಳಲಿಲ್ಲ.